ಎಣ್ಣೆಗೆ ಬಣ್ಣ ಹಾಕಿದರೆ ಸಾಕೇ?

ನಮ್ಮ ತೋಟಕ್ಕೂ ಪಕ್ಕದ ಅಣ್ಣನ ಹಿತ್ತಿಲಿಗೂ ನಡುವೆ ಒಂದು ದಾಸವಾಳದ ಬೇಲಿ. ಅಣ್ಣ ಎಂದರೆ ಒಡಹುಟ್ಟಿದವರೇನೂ ಅಲ್ಲ. ನಮ್ಮ ಚಿಕ್ಕಮಗಳೂರಿನ ವಸ್ತಾರೆ ಕಡೆ ಬೇಲಿಯಾಚೆ ಇರುವ ಹಿರಿಯರೆಲ್ಲ ನಮಗೆ ಅಣ್ಣಂದಿರೇ. ಕಾಫಿ ಚೀಲ, ಸಿಲ್ವರ್ ಓಕ್ ದಿಮ್ಮಿ, ಗೊಬ್ಬರ, ಇಟ್ಟಿಗೆ ಹೇರಿಕೊಂಡು ಘಟ್ಟ ಹತ್ತಿ ಇಳಿದೇ ಕೂದಲು ಹಣ್ಣಾದವರು ಇವರು. ಲಾರಿ ಮಾರಿ ಎಷ್ಟೋ ಕಾಲವಾಯಿತು. ಆದರೂ ರಸ್ತೆಯಲ್ಲಿ ಗಾಡಿಯ ಸದ್ದು ಕೇಳಿದರೆ ಸಾಕು, ತಿರುಗಿ ನೋಡದೆಯೇ "ನಾಝಲ್ ಹೋಗಿದೆ ಅದರದ್ದು" ಎನ್ನುತ್ತಾರೆ. ಹೆಚ್ಚುಕಮ್ಮಿ ಸರಿಯಾಗಿಯೇ ಇರುತ್ತದೆ.

ಮೊನ್ನೆ ಸಂಜೆ ಬೇಲಿಯ ಮೇಲಿಂದ ಫೋನು ಚಾಚಿದರು. ಅವರ ತಂಗಿಯ ಮಗ ಅಮೆರಿಕದಲ್ಲಿದ್ದಾನೆ. ಊರ ಹೊರಗಿನ ಯಾವುದೋ ಬಂಕಿನಲ್ಲಿ ಕಾರು ನಿಲ್ಲಿಸಿದಾಗ ಕಂಡ ಪಂಪಿನ ಚಿತ್ರವನ್ನು ಮಾವನಿಗೆಂದೇ ತೆಗೆದು ಕಳಿಸಿದ್ದ. ಪಂಪಿಗೆ ಅಂಟಿಸಿದ ಚೀಟಿಯ ಒಕ್ಕಣೆ ಇಷ್ಟು: ಇದು ಬಣ್ಣ ಹಾಕಿದ ಡೀಸೆಲ್, ತೆರಿಗೆ ಬೀಳದ ಕೆಲಸಕ್ಕೆ ಮಾತ್ರ, ತೆರಿಗೆ ಬೀಳುವ ಕೆಲಸಕ್ಕೆ ಬಳಸಿದರೆ ದಂಡ.

"ಎಂಥ ಕತೆ ಮಾರಾಯ ಇದು? ಡೀಸೆಲ್‌ಗೆ ಬಣ್ಣ ಹಾಕ್ತಾರಂತೆ. ಕುಂಕುಮ ಕದಡಿದ ನೀರಿನ ಹಾಗೆ ಕೆಂಪಗಿರುತ್ತಂತೆ. ನೀನು ಓದಿದವನು, ಹೇಳು ನೋಡುವಾ."

ನನಗೆ ಗೊತ್ತಿದ್ದಷ್ಟು ಹೇಳಿದೆ. ಅಲ್ಲಿ ಡೀಸೆಲ್ ಮೇಲೆ ಹಾಕುವ ತೆರಿಗೆ ಮುಖ್ಯವಾಗಿ ರಸ್ತೆಯ ಖರ್ಚಿಗೆ. ಕೇಂದ್ರದ್ದೇ ಗ್ಯಾಲನ್‌ಗೆ 24.4 ಸೆಂಟ್, ರಾಜ್ಯಗಳದ್ದು ಬೇರೆ. ಹೊಲ ಉಳುವ ಟ್ರ್ಯಾಕ್ಟರು, ಜನರೇಟರು, ನೀರೆತ್ತುವ ಎಂಜಿನ್ನು ರಸ್ತೆ ಸವೆಸುವುದಿಲ್ಲ. ಆದ್ದರಿಂದ ಅವುಗಳ ಡೀಸೆಲ್‌ಗೆ ಆ ತೆರಿಗೆ ಇಲ್ಲ. ಆದರೆ ಎರಡೂ ಒಂದೇ ಡೀಸೆಲ್. ತೆರಿಗೆ ಇಲ್ಲದ್ದನ್ನು ಕೊಂಡು ಲಾರಿಗೆ ಸುರಿದರೆ ಯಾರಿಗೆ ತಿಳಿಯುತ್ತದೆ? ಅದಕ್ಕಾಗಿ 1993ರಲ್ಲಿ ಕಾನೂನು ಮಾಡಿ, 1994ರಿಂದ ತೆರಿಗೆ ಇಲ್ಲದ ಡೀಸೆಲ್‌ಗೆ ಕೆಂಪು ಬಣ್ಣ ಬೆರೆಸತೊಡಗಿದರು. ತೆರಿಗೆ ಇಲಾಖೆಯವರು ಹೆದ್ದಾರಿಯಲ್ಲಿ ಲಾರಿ ನಿಲ್ಲಿಸಿ, ಟ್ಯಾಂಕಿನ ಮುಚ್ಚಳ ತೆಗೆಸಿ, ಸ್ವಲ್ಪ ಎಣ್ಣೆ ಎಳೆದು ನೋಡುತ್ತಾರೆ. ಕೆಂಪು ಕಂಡರೆ ಗ್ಯಾಲನ್‌ಗೆ 10 ಡಾಲರ್ ಇಲ್ಲವೇ ಒಟ್ಟು 1,000 ಡಾಲರ್, ಯಾವುದು ಹೆಚ್ಚೋ ಅಷ್ಟು ದಂಡ. ಮತ್ತೆ ಸಿಕ್ಕಿಬಿದ್ದರೆ ಇನ್ನೂ ಏರುತ್ತದೆ. ಬ್ರಿಟನ್ನಿನಲ್ಲಿಯೂ ಇಂಥದ್ದು ಕೆಂಪು, ಐರ್ಲೆಂಡಿನಲ್ಲಿ ಹಸಿರು.

ಅಣ್ಣ ಎಲ್ಲ ಕೇಳಿಸಿಕೊಂಡರು. ಆಮೇಲೆ ನಮ್ಮ ತೋಟದ ಕೆಳಗಿನ ಕೆರೆಯ ಕಡೆ ಕೈ ತೋರಿಸಿ ಕೇಳಿದರು: "ಹಾಗಾದ್ರೆ ನಿನ್ನ ಪಂಪ್‌ಸೆಟ್ಟು ಯಾವ ರಸ್ತೆಯಲ್ಲಿ ಓಡುತ್ತೆ?"

ಈ ಪ್ರಶ್ನೆಯನ್ನು ನಮ್ಮ ಕಡೆಯ ಬೆಳೆಗಾರರು ಇನ್ನೂ ಗಟ್ಟಿಯಾಗಿ ಕೇಳಬೇಕಿತ್ತು. ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆ ಕೈಕೊಟ್ಟರೆ ರೊಬಸ್ಟಾ ಗಿಡದ ಮೊಗ್ಗು ಅರಳುವುದಿಲ್ಲ, ಅರಳಿದರೂ ಕಾಯಿ ಕಚ್ಚುವುದಿಲ್ಲ. ಆಗ ಸ್ಪ್ರಿಂಕ್ಲರ್ ಹಾಕಿ ಒಂದು, ಒಂದೂವರೆ ಇಂಚು ನೀರನ್ನು ನಾವೇ ಮಳೆ ಮಾಡಿ ಸುರಿಸಬೇಕು. ಕೆರೆ ಹಳ್ಳದಲ್ಲಿ, ಗಿಡ ಗುಡ್ಡದಲ್ಲಿ. ನೀರನ್ನು ಅಷ್ಟೆತ್ತರಕ್ಕೆ ತಳ್ಳಲು ದೊಡ್ಡ ಎಂಜಿನ್ನೇ ಬೇಕು. ಪೈಪು ಜೋಡಿಸಿ ಜೆಟ್ ತಿರುಗಿಸಿದ ಮೇಲೆ ಒಂದೊಂದು ಜಾಗದಲ್ಲಿ ಗಂಟೆಗಟ್ಟಲೆ ಓಡಿಸಬೇಕು, ಮತ್ತೆ ಪೈಪು ಬಿಚ್ಚಿ ಮುಂದಿನ ಜಾಗಕ್ಕೆ ಹೊರಬೇಕು. ಆ ದಿನಗಳಲ್ಲಿ ರಾತ್ರಿಯಿಡೀ ಕಣಿವೆಯಲ್ಲಿ ಡೀಸೆಲ್ ಎಂಜಿನ್ನುಗಳ ಸದ್ದು. ಬ್ಯಾರಲ್ ಖಾಲಿಯಾಗುವುದು ಗೊತ್ತೇ ಆಗುವುದಿಲ್ಲ.

ಆ ಬ್ಯಾರಲ್‌ನ ಪ್ರತಿ ಲೀಟರಿಗೂ ನಾವು ಲಾರಿಯವರಷ್ಟೇ ತೆರಿಗೆ ಕೊಡುತ್ತೇವೆ. ರಸ್ತೆ ಮತ್ತು ಮೂಲಸೌಕರ್ಯದ ಸೆಸ್ ಎಂದು 2018ರಲ್ಲಿ ಬಂದದ್ದು ಅದರಲ್ಲಿ ಸೇರಿದೆ. 2021ರಲ್ಲಿ ಕೃಷಿ ಮೂಲಸೌಕರ್ಯದ ಹೆಸರಿನಲ್ಲಿ ಲೀಟರಿಗೆ 4 ರೂಪಾಯಿ ಸೆಸ್ ಬಂತು. ಕೃಷಿ ಮಾಡುವವನ ಪಂಪಿನ ಡೀಸೆಲ್ಲೂ ಅದನ್ನು ಕಟ್ಟಬೇಕು. ಇವೆರಡೂ ಕೇಂದ್ರದವು. ರಾಜ್ಯದ ಮಾರಾಟ ತೆರಿಗೆ 2024ರ ಜೂನ್‌ನಲ್ಲಿ ಶೇಕಡಾ 14.34ರಿಂದ 18.44ಕ್ಕೆ ಏರಿತು, 2025ರ ಏಪ್ರಿಲ್ 1ರಂದು 21.17ಕ್ಕೆ. ಬೆಂಗಳೂರಿನಲ್ಲಿ ಡೀಸೆಲ್ 91 ರೂಪಾಯಿ ದಾಟಿತು. ಅದೇ ಏಪ್ರಿಲ್ ತಿಂಗಳಲ್ಲಿ ಲಾರಿ ಮಾಲೀಕರು ಮುಷ್ಕರ ಹೂಡಿ ಲಾರಿಗಳನ್ನು ಸಾಲಾಗಿ ನಿಲ್ಲಿಸಿದ್ದು ಪೇಪರಿನಲ್ಲಿ ಬಂದಿತ್ತು. ಡೀಸೆಲ್ ಬೆಲೆಯ ಜೊತೆಗೆ ಟೋಲ್, ಚೆಕ್‌ಪೋಸ್ಟ್ ಕಾಟ ಎಲ್ಲವೂ ಅವರ ಬೇಡಿಕೆಯ ಪಟ್ಟಿಯಲ್ಲಿದ್ದವು. ಸ್ಪ್ರಿಂಕ್ಲರ್ ಎಂಜಿನ್ನಿನವರ ಮುಷ್ಕರ ಎಂದು ಯಾವತ್ತೂ ನಡೆದಿಲ್ಲ. ಹೂವು ಕಾಯುವುದಿಲ್ಲವಲ್ಲ, ಮುಷ್ಕರ ಹೂಡುವುದು ಹೇಗೆ?

"ಅದಕ್ಕೇ ಹೇಳ್ತೇನೆ," ಎಂದರು ಅಣ್ಣ. "ನಮ್ಮಲ್ಲೂ ತೋಟದವರಿಗೆ ಬಣ್ಣ ಹಾಕಿ ಕಮ್ಮಿಗೆ ಕೊಡಲಿ. ಲಾರಿಯವನು ಕದ್ದು ಹಾಕಿದರೆ ಹಿಡಿಯಲಿ."

ಅಲ್ಲಿಯವರೆಗೆ ಮೆಣಸು ಹರವುತ್ತಿದ್ದ ಅತ್ತಿಗೆ ಅಂಗಳದಿಂದಲೇ ಹೇಳಿದರು: "ಬಣ್ಣ ಹಾಕಿದ್ದು ನಮ್ಮಲ್ಲೂ ಇತ್ತಲ್ಲ. ಸೊಸೈಟಿ ಸೀಮೆಎಣ್ಣೆ ಮರ್ತೇ ಹೋಯ್ತಾ ನಿಮಗೆ?"

ಅತ್ತಿಗೆ ಹೇಳಿದ್ದೇ ಈ ವಿಷಯದ ತಿರುಳು. ನಮ್ಮ ದೇಶದ ಬಣ್ಣದ ಎಣ್ಣೆ ಎಂದರೆ ಆ ನೀಲಿ ಸೀಮೆಎಣ್ಣೆ. ಮಳೆಗಾಲದಲ್ಲಿ ಕರೆಂಟು ಹೋದರೆ ವಾರವಾದರೂ ಬಾರದ ಕಾಲ ಅದು. ಬುಡ್ಡಿ, ಲಾಟೀನು, ಮದುವೆ ಮನೆಗೆ ಗ್ಯಾಸ್‌ಲೈಟು, ಒದ್ದೆ ಸೌದೆ ಹೊತ್ತಿಸುವುದಕ್ಕೆ ಒಂದು ಚಮಚ; ಎಲ್ಲಕ್ಕೂ ಅದೇ ಬೇಕು. ಎಣ್ಣೆ ಬಂದಿದೆ ಎಂದು ಸುದ್ದಿಯಾದರೆ ತೋಟದ ಕೂಲಿ ಲೈನಿನ ಹೆಂಗಸರು ಕೆಲಸ ಬಿಟ್ಟು, ಕ್ಯಾನು ಕಾರ್ಡು ಹಿಡಿದು ನಿಲ್ಲುತ್ತಿದ್ದರು. ಬ್ಯಾರಲ್‌ಗೆ ಕೈಪಂಪು ಹಾಕಿ, ಲೀಟರ್ ಮಾಪಿಗೆ ತುಂಬಿ, ತಗಡಿನ ಆಲಿಕೆಯಲ್ಲಿ ಇಳಿಸುವಾಗ ಅಂಚಿನಲ್ಲಿ ನಿಂತ ಎಣ್ಣೆ ನೀಲಿ ಎಂದರೆ ನೀಲಿ. ಅತ್ತಿಗೆ ನೆನಪಿಸಿದ್ದು ಇನ್ನೊಂದನ್ನು: ಮಾಪು ಎತ್ತುವವನು ನೊರೆ ಇಳಿಯುವ ಮೊದಲೇ ಬಗ್ಗಿಸಿಬಿಡುತ್ತಿದ್ದನಂತೆ. "ನೊರೆ ಇಳೀಲಿ ಅಂತ ಹೇಳಿದರೆ ಮುಂದಿನ ಸಲ ಎಣ್ಣೆ ಮುಗೀತು ಅಂತಿದ್ರು. ಯಾರು ಹೇಳ್ತಾರೆ?"

ಆ ನೀಲಿ ಯಾಕೆ ಎಂದು ಆಗ ನಾವು ಕೇಳಿದವರಲ್ಲ. ಅದು ಬಡವರ ದೀಪಕ್ಕೂ ಒಲೆಗೂ ಸರ್ಕಾರ ಸಹಾಯಧನ ಕೊಟ್ಟು ಇಳಿಸಿದ ಎಣ್ಣೆ. ಡೀಸೆಲ್‌ಗಿಂತ ಎಷ್ಟೋ ಅಗ್ಗ. ಡೀಸೆಲ್ಲಿನ ಜೊತೆ ಬೆರೆಯುವುದಂತೂ ಸಲೀಸು, ಎಂಜಿನ್ನೂ ಒಂದಷ್ಟು ಕಾಲ ದೂರು ಹೇಳುವುದಿಲ್ಲ. ಹಾಗಾಗಿ ಇದನ್ನು ಅಡುಗೆಗೂ ದೀಪಕ್ಕೂ ಬಿಟ್ಟು ಬೇರೆ ಕೆಲಸಕ್ಕೆ ಬಳಸಕೂಡದು ಎಂದು 1993ರಲ್ಲಿ ಸೀಮೆಎಣ್ಣೆ ನಿಯಂತ್ರಣ ಆದೇಶ ಬಂತು. ಮೀರಿದರೆ 1955ರ ಅಗತ್ಯ ವಸ್ತುಗಳ ಕಾಯಿದೆ: ಏಳು ವರ್ಷದವರೆಗೆ ಜೈಲು, ಜಿಲ್ಲಾಧಿಕಾರಿಗೆ ಎಣ್ಣೆಯ ಜೊತೆಗೆ ಅದನ್ನು ಸಾಗಿಸಿದ ಗಾಡಿಯನ್ನೂ ಮುಟ್ಟುಗೋಲು ಹಾಕುವ ಅಧಿಕಾರ. ಅಮೆರಿಕದ ಸಾವಿರ ಡಾಲರ್ ದಂಡಕ್ಕಿಂತ ನಮ್ಮ ಕಾನೂನೇ ಬಿಗಿ.

ಆದರೂ ಏನಾಯಿತು? ಎನ್‌ಸಿಎಇಆರ್ ಎಂಬ ಸಂಶೋಧನಾ ಸಂಸ್ಥೆ 2005ರಲ್ಲಿ ಲೆಕ್ಕ ಹಾಕಿ, ಪಡಿತರ ಸೀಮೆಎಣ್ಣೆಯಲ್ಲಿ ನೂರಕ್ಕೆ 38ಕ್ಕೂ ಹೆಚ್ಚು ಪಾಲು ದಾರಿ ತಪ್ಪಿ ಹೋಗುತ್ತಿದೆ ಎಂದಿತು. ಸಾಲಿನಲ್ಲಿ ನಿಂತ ಹೆಂಗಸಿನ ಕ್ಯಾನಿಗೆ ಬರಬೇಕಾದದ್ದು ಯಾರದೋ ಟ್ಯಾಂಕಿನಲ್ಲಿ ಉರಿದುಹೋಯಿತು. ಡೀಸೆಲ್‌ನ ಹಳದಿಯಲ್ಲಿ ಸ್ವಲ್ಪ ನೀಲಿ ಬೆರೆತರೆ ಕಣ್ಣಿಗೆ ಸಿಗುವುದೇ ಕಷ್ಟ. ಅಷ್ಟಕ್ಕೂ ಭಯವಿದ್ದವರು ಬಣ್ಣವನ್ನೇ ಸೋಸಿ ತೆಗೆಯುತ್ತಿದ್ದರು.

ಲಾರಿಯವರೆಲ್ಲ ಇದರಲ್ಲಿ ಪಾಲುದಾರರು ಎಂದರೆ ಅನ್ಯಾಯವಾಗುತ್ತದೆ. ಅಣ್ಣನೇ ಅದಕ್ಕೆ ಸಾಕ್ಷಿ. ಒಮ್ಮೆ ಹೊರ ರಾಜ್ಯದ ದಾರಿಯಲ್ಲಿ ಯಾವುದೋ ಬಂಕಿನಲ್ಲಿ ಟ್ಯಾಂಕು ತುಂಬಿಸಿಕೊಂಡು ಬಂದಿದ್ದರಂತೆ. ಘಟ್ಟದ ತಿರುವಿನಲ್ಲಿ ಗಾಡಿ ಎಳೆಯಲೇ ಇಲ್ಲ. ಮೆಕ್ಯಾನಿಕ್ ಬಂದವನು ಫಿಲ್ಟರ್ ಬಿಚ್ಚಿ, ಎರಡು ಹನಿ ಡೀಸೆಲನ್ನು ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ, "ಜಿಡ್ಡೇ ಇಲ್ಲವಲ್ಲ ಸಾಹೇಬ್ರೇ" ಎಂದ. ಒಳ್ಳೆ ಡೀಸೆಲ್ ಬೆರಳಿಗೆ ಅಂಟಿಕೊಳ್ಳುತ್ತದೆ. ಸೀಮೆಎಣ್ಣೆ ಬೇಗ ಒಣಗುತ್ತದೆ. ಎಂಜಿನ್ನಿನ ಡೀಸೆಲ್ ಪಂಪಿಗೆ ಆ ಜಿಡ್ಡೇ ನಯ ಕೊಡುವುದು. ಅದಿಲ್ಲದೆ ಪಂಪಿನ ಒಳಗಿನ ಸಣ್ಣ ಭಾಗಗಳು ಒಂದಕ್ಕೊಂದು ತಿಕ್ಕಿ ಸವೆದುಬಿಡುತ್ತವೆ. ಪಂಪು, ನಾಝಲ್ ಎಲ್ಲ ಬಿಚ್ಚಿ ಕ್ಯಾಲಿಬ್ರೇಷನ್‌ಗೆ ಹಾಕಿದ ಖರ್ಚಿನಲ್ಲಿ ಆ ತಿಂಗಳ ಬಾಡಿಗೆ ಮುಗಿದುಹೋಯಿತಂತೆ. ಕಲಬೆರಕೆ ಮಾಡಿದವನಿಗೆ ಲೀಟರಿಗೆ ಇಷ್ಟು ಎಂದು ಉಳಿಯಿತು. ಕಳೆದುಕೊಂಡವರು ದೀಪದವಳು ಮತ್ತು ಡ್ರೈವರು, ಇಬ್ಬರೂ.

ಈಗಿನ ಗಾಡಿಗಳಲ್ಲಿ ಇದು ಇನ್ನೂ ದುಬಾರಿ. 2020ರ ಏಪ್ರಿಲ್‌ನಿಂದ ಬಿಎಸ್-6 ಬಂದ ಮೇಲೆ ಡೀಸೆಲ್‌ನಲ್ಲಿ ಗಂಧಕ ಹತ್ತು ಲಕ್ಷಕ್ಕೆ ಹತ್ತು ಪಾಲು ಮೀರಕೂಡದು. ಸೀಮೆಎಣ್ಣೆಯಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಗಂಧಕಕ್ಕೆ ಅವಕಾಶವಿದೆ. ಕಲಬೆರಕೆ ಎಣ್ಣೆ ಹೊಕ್ಕರೆ ಇಂಜೆಕ್ಟರೂ ಹೋಗುತ್ತದೆ, ಹೊಗೆ ಸೋಸುವ ಸಾಧನವೂ ಹೋಗುತ್ತದೆ.

ಮಾತು ಇಲ್ಲಿಗೆ ಬಂದಾಗ ನಾನು ಒಬ್ಬ ಹುಡುಗನ ಹೆಸರು ತೆಗೆದೆ. ಎಣ್ಣೆಯ ಮಾತು ಬಂದಾಗಲೆಲ್ಲ ಕನ್ನಡ ನಾಡಿನವರು ಆ ಹೆಸರನ್ನು ಹೇಳಬೇಕು ಎಂದು ನನಗೆ ಅನ್ನಿಸುತ್ತದೆ: ಮಂಜುನಾಥ್ ಷಣ್ಮುಗಂ. ಕೆಜಿಎಫ್‌ನಲ್ಲಿ ಬೆಳೆದವನು. ಮೈಸೂರಿನ ಎಸ್‌ಜೆಸಿಇಯಲ್ಲಿ ಎಂಜಿನಿಯರಿಂಗ್ ಓದಿ, ಲಖನೌದ ಐಐಎಂನಲ್ಲಿ ಪದವಿ ಪಡೆದು, ಇಂಡಿಯನ್ ಆಯಿಲ್‌ನಲ್ಲಿ ಸೇಲ್ಸ್ ಆಫೀಸರ್ ಆಗಿ ಉತ್ತರ ಪ್ರದೇಶದ ಲಖೀಂಪುರ ಖೇರಿ ಜಿಲ್ಲೆಗೆ ಹೋದ. ಜೊತೆಗೆ ಓದಿದವರಲ್ಲಿ ಅನೇಕರು ದೊಡ್ಡ ಸಂಬಳದ ಕೆಲಸ ಹಿಡಿದಾಗ ಇವನ ಪಾಲಿಗೆ ಬಂದದ್ದು ಹಳ್ಳಿಗಾಡಿನ ಬಂಕುಗಳ ತಪಾಸಣೆ. ಅಲ್ಲಿನ ಒಂದು ಬಂಕಿನಲ್ಲಿ ಕಲಬೆರಕೆ ಹಿಡಿದು ಮಾರಾಟ ನಿಲ್ಲಿಸಿದ. ಮತ್ತೆ ತೆರೆದಾಗ ಮತ್ತೆ ತಪಾಸಣೆಗೆ ಹೋದ. 2005ರ ನವೆಂಬರ್ 19ರಂದು ಗೋಲಾ ಗೋಕರ್ಣನಾಥದಲ್ಲಿ ಅವನನ್ನು ಗುಂಡಿಟ್ಟು ಕೊಂದರು. ವಯಸ್ಸು ಇಪ್ಪತ್ತೇಳು.

ಅತ್ತಿಗೆ ಮೆಣಸು ಬಿಟ್ಟು ಬೇಲಿಯ ಹತ್ತಿರ ಬಂದಿದ್ದರು. "ಎಣ್ಣೆಗಾ? ಎಣ್ಣೆಗೋಸ್ಕರ ಹುಡುಗನ್ನ ಕೊಂದರಾ?"

ಹೌದು, ಎಣ್ಣೆಗೋಸ್ಕರ. ಮಾದರಿ ತೆಗೆಯಲು ಯಾರಿಗೆ ಅಧಿಕಾರ ಎಂದು 2005ರ ಪೆಟ್ರೋಲ್ ಡೀಸೆಲ್ ಆದೇಶ ಸ್ಪಷ್ಟವಾಗಿ ಹೇಳುತ್ತದೆ. ಗೆಜೆಟೆಡ್ ಅಧಿಕಾರಿ, ಡಿವೈಎಸ್ಪಿ ದರ್ಜೆಗೆ ಕಡಿಮೆಯಿಲ್ಲದ ಪೊಲೀಸ್ ಅಧಿಕಾರಿ, ಇಲ್ಲವೇ ಎಣ್ಣೆ ಕಂಪನಿಯ ಸೇಲ್ಸ್ ಆಫೀಸರ್. ಮೊದಲ ಇಬ್ಬರ ಹಿಂದೆ ಸರ್ಕಾರ ಇದೆ, ಪೇದೆಗಳಿದ್ದಾರೆ, ಜೀಪಿದೆ. ಮೂರನೆಯವನು ಒಬ್ಬನೇ ಕಾರಿನಲ್ಲಿ ಹೋಗಿ, ತಾನು ತಪಾಸಣೆ ಮಾಡಬೇಕಾದ ಬಂಕಿನವನ ಮುಂದೆಯೇ ನಿಂತು ಡಬ್ಬಿ ತುಂಬಿಸಬೇಕು. ಮಂಜುನಾಥ್ ಆ ಮೂರನೆಯವನು. ಬಂಕಿನ ಮಾಲೀಕನ ಮಗನಿಗೆ 2007ರಲ್ಲಿ ಸೆಷನ್ಸ್ ಕೋರ್ಟು ಮರಣದಂಡನೆ ಕೊಟ್ಟಿತು, ಹೈಕೋರ್ಟು ಜೀವಾವಧಿಗೆ ಇಳಿಸಿತು, 2015ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಐಐಎಂಗಳಲ್ಲಿ ಓದಿದವರು ಅವನ ಹೆಸರಿನಲ್ಲಿ ಟ್ರಸ್ಟು ಕಟ್ಟಿ ಹಿಡಿದ ಹಟದಿಂದಲೇ ಆ ಮೊಕದ್ದಮೆ ಅಷ್ಟು ದೂರ ಬಂತು ಎಂದು ನನ್ನ ನಂಬಿಕೆ.

ಆ ಕೊಲೆಯ ಮರುವರ್ಷ, 2006ರ ಅಕ್ಟೋಬರ್‌ನಲ್ಲಿ ಸರ್ಕಾರ ಇನ್ನೊಂದು ದಾರಿ ಹಿಡಿಯಿತು. ಸೀಮೆಎಣ್ಣೆಗೆ ಕಣ್ಣಿಗೆ ಕಾಣದ ಒಂದು ಗುರುತಿನ ದ್ರವ ಬೆರೆಸುವುದು. ಡೀಸೆಲ್‌ನಲ್ಲಿ ಸೀಮೆಎಣ್ಣೆ ಸೇರಿದ್ದರೆ ಪರೀಕ್ಷೆಯ ಮದ್ದು ಹಾಕಿದಾಗ ಬಣ್ಣ ಹೊಮ್ಮಬೇಕು. ದೇಶದ ತುಂಬ ಜಾರಿಗೆ ತಂದರು. ಅದನ್ನೂ ತೆಗೆದುಬಿಡಬಹುದು ಎಂಬ ದೂರು ಎದ್ದಿತು, ಎರಡು ವರ್ಷದ ಆಸುಪಾಸಿನಲ್ಲಿ ನಿಂತೇ ಹೋಯಿತು. 2011ರ ಜನವರಿ 25ರಂದು, ಗಣರಾಜ್ಯೋತ್ಸವದ ಹಿಂದಿನ ದಿನ, ಮಹಾರಾಷ್ಟ್ರದ ಮನ್ಮಾಡ್ ಬಳಿ ಟ್ಯಾಂಕರುಗಳಿಂದ ಎಣ್ಣೆ ಕದಿಯುತ್ತಿದ್ದುದನ್ನು ಕಂಡು ಕಾರು ನಿಲ್ಲಿಸಿದ ಅಪರ ಜಿಲ್ಲಾಧಿಕಾರಿ ಯಶವಂತ ಸೋನಾವಣೆಯವರನ್ನು ಹಾಡಹಗಲೇ ಸುಟ್ಟು ಕೊಂದರು. ಅವರಂತೂ ಗೆಜೆಟೆಡ್ ಅಧಿಕಾರಿ.

ಒಂದೇ ಎಣ್ಣೆಗೆ ಎರಡು ಬೆಲೆ ಇಟ್ಟರೆ ನಡುವಿನ ವ್ಯತ್ಯಾಸದಲ್ಲಿ ಬದುಕುವ ಒಂದು ಗುಂಪು ಹುಟ್ಟಿಯೇ ಹುಟ್ಟುತ್ತದೆ. ಶ್ರೀಮಂತ ದೇಶದಲ್ಲೂ ಅಷ್ಟೆ. ಐರ್ಲೆಂಡಿನ ಉತ್ತರ ದಕ್ಷಿಣದ ಗಡಿಯಲ್ಲಿ ಕೆಂಪು ಹಸಿರು ಡೀಸೆಲನ್ನು ಆಮ್ಲದಿಂದಲೋ ಜೇಡಿಯಿಂದಲೋ ತೊಳೆದು ಬಣ್ಣ ಕಳೆದು ಲಾರಿಗಳಿಗೆ ಮಾರುವ ದಂಧೆ ದಶಕಗಳ ಕಾಲ ನಡೆಯಿತು. ಉಳಿದ ವಿಷದ ಗಸಿಯನ್ನು ರಾತ್ರೋರಾತ್ರಿ ಹೊಳೆಯ ದಂಡೆಗೆ, ರಸ್ತೆಯ ಬದಿಗೆ ಬಿಟ್ಟು ಹೋಗುತ್ತಿದ್ದರು. ತೆಗೆಯಲು ಕಷ್ಟವಾದ ಹೊಸ ಗುರುತನ್ನು 2015ರಲ್ಲಿ ಬ್ರಿಟನ್, ಐರ್ಲೆಂಡ್ ಎರಡೂ ದೇಶದವರು ಒಟ್ಟಿಗೆ ತಂದರು. 2022ರ ಏಪ್ರಿಲ್‌ನಲ್ಲಿ ಬ್ರಿಟನ್ನು ಕಟ್ಟಡ ಕೆಲಸದಂಥ ಅನೇಕ ಉದ್ಯಮಗಳಿಂದ ಕೆಂಪು ಡೀಸೆಲ್ಲಿನ ಸವಲತ್ತನ್ನೇ ಕಿತ್ತುಕೊಂಡಿತು; ಬೇಸಾಯಕ್ಕೆ ಉಳಿಸಿತು.

"ಹಾಗಾದರೆ ಮಲ್ಪೆಯವರಿಗೆ ಹೇಗೆ ಕೊಡ್ತಾರೆ?" ಎಂದು ಅಣ್ಣ ಅಡ್ಡ ಹಾಕಿದರು. ಮೀನು ತುಂಬಿಸಲು ಹೋಗಿ ದಕ್ಕೆಯಲ್ಲಿ ರಾತ್ರಿ ಕಳೆದವರು ಅವರು.

ಒಳ್ಳೆಯ ಪ್ರಶ್ನೆ. ನಮ್ಮ ರಾಜ್ಯದಲ್ಲಿ ತೆರಿಗೆ ಇಲ್ಲದ ಡೀಸೆಲ್ ಎಂದರೆ ಅದೇ. ಕರಾವಳಿಯ ಯಾಂತ್ರಿಕ ದೋಣಿಗಳಿಗೆ ರಾಜ್ಯ ಸರ್ಕಾರ ಮಾರಾಟ ತೆರಿಗೆ ಬಿಡುತ್ತದೆ. ವರ್ಷಕ್ಕೆ ಒಂದೂವರೆ ಲಕ್ಷ ಕಿಲೋಲೀಟರ್ ಇದ್ದ ಮಿತಿಯನ್ನು 2023-24ರ ಬಜೆಟ್‌ನಲ್ಲಿ 2 ಲಕ್ಷಕ್ಕೆ ಏರಿಸಿದರು. ಅಂದರೆ 20 ಕೋಟಿ ಲೀಟರ್. ಇದಕ್ಕೆ ಬಣ್ಣವಿಲ್ಲ. ದೋಣಿಯ ನೋಂದಣಿ, ಅದಕ್ಕೆ ಗೊತ್ತುಮಾಡಿದ ಪ್ರಮಾಣ, ಮೀನುಗಾರರ ಸಹಕಾರ ಸಂಘದ ಬಂಕು, ಪುಸ್ತಕದಲ್ಲಿ ಲೆಕ್ಕ, ಇದೇ ಬೇಲಿ. ಜೂನ್, ಜುಲೈ ಎರಡು ತಿಂಗಳು ಮೀನುಗಾರಿಕೆ ನಿಷೇಧ. ಆಗ ಡೀಸೆಲ್ ಎತ್ತಿದ ಲೆಕ್ಕ ಕಂಡರೆ ಪುಸ್ತಕ ಬಲ್ಲವನಿಗೆ ಅಲ್ಲಿಯೇ ತಿಳಿಯುತ್ತದೆ. ಆದರೆ ಅದೇ ದಕ್ಕೆಯಿಂದ ಐಸು ಮೀನು ಹೇರಿಕೊಂಡು ಘಟ್ಟ ಹತ್ತಿ ನಮ್ಮೂರಿಗೆ ಬರುವ ಗಾಡಿಯ ಡೀಸೆಲ್‌ಗೆ ಪೂರ್ತಿ ತೆರಿಗೆ. 2025ರ ಏಪ್ರಿಲ್‌ನ ದರದಲ್ಲಿ ಲೆಕ್ಕ ಹಾಕಿದರೆ ವ್ಯತ್ಯಾಸ ಲೀಟರಿಗೆ ಹದಿನೈದು ರೂಪಾಯಿಯ ಆಚೀಚೆ. ಟ್ಯಾಂಕಿನ ಒಳಗೆ ಹೋದ ಮೇಲೆ ಎರಡನ್ನೂ ಬೇರೆ ಮಾಡುವ ಗುರುತು ಯಾವುದೂ ಇಲ್ಲ.

ಮೀನುಗಾರರಿಗೆ ಈ ಸವಲತ್ತು ಕೊಡುವುದು ನ್ಯಾಯವೇ. ಸಮುದ್ರದಲ್ಲಿ ರಸ್ತೆಯಿಲ್ಲ. ಸಿಕ್ಕಿದ ಮೀನಿನ ಬೆಲೆಯಲ್ಲಿ ಡೀಸೆಲ್ ಖರ್ಚೂ ಹುಟ್ಟದೆ ದೋಣಿ ದಕ್ಕೆಗೆ ಕಟ್ಟುವ ದಿನಗಳಿರುತ್ತವೆ. ನನ್ನ ಮಾತು ಇಷ್ಟೇ: ಹಳ್ಳದ ಪಂಪಿಗೂ ರಸ್ತೆಯಿಲ್ಲ.

ಗಡಿಯ ಕಡೆಗೆ ನೋಡಿದರೆ ಬೆಲೆಯ ಎಳೆತ ಇನ್ನೂ ಚೆನ್ನಾಗಿ ಕಾಣುತ್ತದೆ. ಕೇರಳದಲ್ಲಿ ಡೀಸೆಲ್ ನಮಗಿಂತ ದುಬಾರಿ. 2023ರಲ್ಲಿ ಅಲ್ಲಿ ಲೀಟರಿಗೆ ಎರಡು ರೂಪಾಯಿ ಸೆಸ್ ಬೇರೆ ಸೇರಿತು. ಕಾಸರಗೋಡಿನ ಕಡೆ ಹೋಗುವ ಲಾರಿ, ಬಸ್ಸಿನವರು ತಲಪಾಡಿ ದಾಟುವ ಮುಂಚೆ ಟ್ಯಾಂಕು ತುಂಬಿಸಿಕೊಳ್ಳುತ್ತಾರೆ. ಅದು ತಪ್ಪಲ್ಲ, ತೆರಿಗೆ ಕಟ್ಟಿಯೇ ಕೊಂಡದ್ದು.

ತಪ್ಪಾದದ್ದು ಇನ್ನೊಂದಿದೆ. ಬಯೋಡೀಸೆಲ್ ಎಂದು ಬೋರ್ಡು ಹಾಕಿ, ಕಾರ್ಖಾನೆಗೆಂದು ತರಿಸಿದ ಎಣ್ಣೆಯನ್ನು ಲಾರಿಗಳಿಗೆ ತುಂಬಿಸುವುದು. ಗುಜರಾತಿನಲ್ಲಿ ಇದು ದೊಡ್ಡ ದಂಧೆಯಾಗಿ ಬೆಳೆದು ಪೊಲೀಸರು ಸಾಲುಸಾಲು ದಾಳಿ ಮಾಡಿದರು. ಇದರ ಬೇರೂ ತೆರಿಗೆಯಲ್ಲೇ ಇದೆ. ಡೀಸೆಲ್ ಜಿಎಸ್‌ಟಿಯ ಹೊರಗೆ, ಸೀಮೆಎಣ್ಣೆ ಮತ್ತು ಕಾರ್ಖಾನೆಯ ಎಣ್ಣೆಗಳು ಜಿಎಸ್‌ಟಿಯ ಒಳಗೆ. ನಿಜವಾದ ಬಯೋಡೀಸೆಲ್ ಮಾರುವುದಕ್ಕೆ 2019ರಿಂದ ಕೇಂದ್ರದ ಮಾರ್ಗಸೂಚಿ ಇದೆ, ನೋಂದಣಿ ಬೇಕು. ನೋಂದಣಿ ಪತ್ರ ತೋರಿಸದವನ ಹತ್ತಿರ ಅಗ್ಗ ಎಂದು ತುಂಬಿಸಿಕೊಂಡರೆ ಎಂಜಿನ್ನೂ ಹೋಗುತ್ತದೆ, ಕೇಸೂ ಬೀಳುತ್ತದೆ.

ಮತ್ತೆ ಅಣ್ಣನ ಬೇಡಿಕೆಗೆ ಬಂದೆವು. ತೋಟದವರಿಗೆ ಬಣ್ಣದ ಡೀಸೆಲ್ ಕೊಡಲಿ ಎಂದರಲ್ಲ, ಅದು ನಮ್ಮ ಬೆಟ್ಟಗಳಲ್ಲಿ ನಡೆಯುವ ಮಾತೇ? ನಮ್ಮಲ್ಲಿ ಎಷ್ಟೋ ಜನರಿಗೆ ಪಂಪು ಓಡಿಸುವುದು ಟ್ರ್ಯಾಕ್ಟರೇ. ಬೆಳಿಗ್ಗೆ ಹಳ್ಳದ ದಂಡೆಯಲ್ಲಿ ನಿಂತು ನೀರೆತ್ತುತ್ತದೆ. ಮಧ್ಯಾಹ್ನ ಟ್ರೈಲರ್ ಕಟ್ಟಿಕೊಂಡು ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸ್‌ಗೆ ಚೀಲ ಹೊರುತ್ತದೆ. ಟ್ಯಾಂಕು ಒಂದೇ. ಆಲ್ದೂರಿನ ರಸ್ತೆಯಲ್ಲಿ ಮುಚ್ಚಳ ತೆಗೆದು ನೋಡಿದರೆ ಬಣ್ಣ ಕಂಡೇ ಕಾಣುತ್ತದೆ. ಯಾವ ಲೀಟರು ಹಳ್ಳದಲ್ಲಿ ಉರಿಯಿತು, ಯಾವುದು ರಸ್ತೆಯಲ್ಲಿ ಎಂದು ರೈತ ಹೇಗೆ ತೋರಿಸಿಯಾನು? ಆ ರಸ್ತೆಯಲ್ಲಿ ನಿಲ್ಲಿಸುವವನ ಕೈಗೆ ಹೊಸದೊಂದು ಅಸ್ತ್ರ ಕೊಟ್ಟಂತಾಗುತ್ತದೆ. ಕಾನೂನು ಕಟ್ಟುವವರು ಬೆಂಗಳೂರಿನಲ್ಲಿ. ಅದನ್ನು ತೋರಿಸಿ ಕೈ ಚಾಚುವವರು ತಿರುವಿನಲ್ಲಿ ನಿಂತಿರುತ್ತಾರೆ. ಅಣ್ಣ ಇದನ್ನು ಒಪ್ಪಿದರು. ಲಾರಿ ಓಡಿಸಿದ ಕಾಲದಲ್ಲಿ ತಿರುವುಗಳ ಅನುಭವ ಅವರಿಗೆ ನನಗಿಂತ ಹೆಚ್ಚು.

ಹಾಗಾದರೆ ಎಣ್ಣೆಯನ್ನು ಅಗ್ಗ ಮಾಡುವುದು ಬೇಡ, ಹಣವನ್ನೇ ಮನುಷ್ಯನಿಗೆ ಕೊಡಲಿ. ಆ ದಾರಿ ಈಗಾಗಲೇ ತೆರೆದಿದೆ. 2022-23ರಲ್ಲಿ ರಾಜ್ಯ ಸರ್ಕಾರ ರೈತ ಶಕ್ತಿ ಎಂಬ ಯೋಜನೆ ತಂದಿತು: ಎಕರೆಗೆ 250 ರೂಪಾಯಿ, ಐದು ಎಕರೆವರೆಗೆ, ಹೆಚ್ಚೆಂದರೆ 1,250 ರೂಪಾಯಿ, ಡೀಸೆಲ್ ಸಹಾಯಧನವೆಂದು ನೇರ ಖಾತೆಗೆ. ಹೆಸರು ಡೀಸೆಲ್‌ನದ್ದೇ ಆದರೂ ಎಣ್ಣೆಗೆ ಎರಡು ಬೆಲೆ ಇಲ್ಲ, ಕದಿಯುವುದಕ್ಕೆ ಏನೂ ಇಲ್ಲ, ಟ್ಯಾಂಕಿನ ಮುಚ್ಚಳ ತೆಗೆಸಬೇಕಾಗಿಯೂ ಇಲ್ಲ. ಕ್ರಮ ಸರಿ, ಮೊತ್ತ ಸಾಲದು. 1,250 ರೂಪಾಯಿಗೆ ಬರುವುದು ಹದಿಮೂರು ಹದಿನಾಲ್ಕು ಲೀಟರ್. ಸ್ಪ್ರಿಂಕ್ಲರ್ ಎಂಜಿನ್ನಿಗೆ ಅದು ಒಂದು ರಾತ್ರಿಗೂ ಸಾಲುವುದಿಲ್ಲ. ಐದು ಎಕರೆಯ ಕಾಫಿಗೆ ಹೂವಿನ ನೀರಿನ ಖರ್ಚು ಎಷ್ಟು ಎಂದು ಕಾಫಿ ಮಂಡಳಿಯವರು ಲೆಕ್ಕ ಹಾಕಿ ಸರ್ಕಾರದ ಮುಂದಿಡಲಿ. ನಮ್ಮ ಬೆಳೆಗಾರರ ಸಂಘಗಳು ಕಾಫಿ ಬೆಲೆಯ ಜೊತೆ ಇದನ್ನೂ ಹಿಡಿದು ಕೇಳಲಿ.

"ದೀಪಕ್ಕೂ ಹಾಗೇ ಮಾಡಿದ್ದಿದ್ರೆ ಆಗ್ತಿತ್ತು," ಎಂದರು ಅತ್ತಿಗೆ. "ಎಣ್ಣೆ ಬದಲು ದುಡ್ಡು ಕೊಟ್ಟಿದ್ದಿದ್ರೆ ನೊರೆ ಇಳೀಲಿ ಅಂತ ಯಾರನ್ನೂ ಕೇಳ್ಬೇಕಿರಲಿಲ್ಲ."

ಕೊನೆಗೆ ಸೀಮೆಎಣ್ಣೆಯ ಕಲಬೆರಕೆ ಇಳಿದದ್ದೂ ಬಣ್ಣದಿಂದಲ್ಲ, ದಂಡದಿಂದಲೂ ಅಲ್ಲ. 2016ರ ಮೇ ತಿಂಗಳಿಂದ ಉಜ್ವಲ ಯೋಜನೆಯಲ್ಲಿ ಮನೆಮನೆಗೆ ಗ್ಯಾಸ್ ಬಂತು, ವಿದ್ಯುತ್ ಸಂಪರ್ಕ ಬಂತು, ಅದೇ ವರ್ಷದಿಂದ ಪಡಿತರ ಸೀಮೆಎಣ್ಣೆಯ ಬೆಲೆಯನ್ನು ಪೈಸೆ ಪೈಸೆಯಾಗಿ ಏರಿಸುತ್ತಾ ಹೋಗಿ 2020ರ ಹೊತ್ತಿಗೆ ಸಹಾಯಧನವನ್ನೇ ಮುಗಿಸಿದರು. ವ್ಯತ್ಯಾಸ ಹೋಯಿತು, ಕಳ್ಳನ ಲಾಭ ಹೋಯಿತು. ಆದರೆ ಗ್ಯಾಸ್ ತುಂಬಿಸಲು ಕೈಯಲ್ಲಿ ಹಣವಿಲ್ಲದ ಲೈನಿನ ಮನೆಯವರಿಗೆ ಅಗ್ಗದ ಎಣ್ಣೆಯೂ ಹೋಯಿತು. ಅವರು ಮತ್ತೆ ಸೌದೆಗೆ ಬಂದದ್ದನ್ನು ನಾನು ದಿನಾ ನೋಡುತ್ತಿದ್ದೇನೆ. ಆ ಬಾಕಿ ಇನ್ನೂ ತೀರಿಲ್ಲ.

ಓದುವವರಿಗೆ, ಅದರಲ್ಲೂ ಹೂವಿನ ನೀರಿಗೆ ಬ್ಯಾರಲ್ ತುಂಬಿಸಲು ಹೊರಟ ನಮ್ಮ ಕಡೆಯವರಿಗೆ ಒಂದೆರಡು ಮಾತು. ಮನೆಯಲ್ಲಿ 2,500 ಲೀಟರ್‌ವರೆಗೆ ಡೀಸೆಲ್ ಇಡಲು ಪೆಟ್ರೋಲಿಯಂ ಕಾಯಿದೆಯಲ್ಲಿ ಲೈಸೆನ್ಸ್ ಬೇಡ, ಒಂದೊಂದು ಪಾತ್ರೆ 1,000 ಲೀಟರ್ ಮೀರದಿದ್ದರೆ ಸಾಕು. ಯಾರಾದರೂ ಹೆದರಿಸಿದರೆ ಇದನ್ನು ಹೇಳಿ. ಪ್ರತಿ ಬಂಕಿನಲ್ಲೂ ಸೀಲು ಹಾಕಿದ ಐದು ಲೀಟರಿನ ಅಳತೆ, ಡೆನ್ಸಿಟಿ ನೋಡುವ ಹೈಡ್ರೋಮೀಟರು, ಥರ್ಮಾಮೀಟರು, ಬೆಳಗಿನ ಡೆನ್ಸಿಟಿ ಬರೆದಿಟ್ಟ ಪುಸ್ತಕ ಇರಲೇಬೇಕು, ಕೇಳಿದ ಗಿರಾಕಿಗೆ ತೋರಿಸಲೇಬೇಕು. ಟ್ಯಾಂಕರ್ ತಂದ ಡೆನ್ಸಿಟಿಗೂ ಬಂಕಿನದ್ದಕ್ಕೂ 3 ಅಂಕಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಅನುಮಾನಿಸಿ. ನಾಚಿಕೊಳ್ಳದೆ ಕೇಳಿ, ಬಿಲ್ಲು ಪಡೆಯಿರಿ. ತೋರಿಸದಿದ್ದರೆ ಆಹಾರ ಇಲಾಖೆಗೂ, ಅಳತೆ ತಪ್ಪಿದ್ದರೆ ಮಾಪನ ಇಲಾಖೆಗೂ ಬರೆದು ಕೊಟ್ಟು ರಸೀದಿ ಇಟ್ಟುಕೊಳ್ಳಿ. ತಪಾಸಣೆಗೆ ಬಂದ ಅಧಿಕಾರಿ ಒಬ್ಬನೇ ನಿಂತಿರುವುದು ಕಂಡರೆ ಗಾಡಿ ನಿಲ್ಲಿಸಿ, ಅವನು ಡಬ್ಬಿಗೆ ಸೀಲು ಹಾಕಿ ಹೊರಡುವವರೆಗೆ ಜೊತೆಗಿರಿ.